ತಿಯಾನ್ ಶಾನಿನ ಹಿಮ, ತಿಕೋಟಾದ ದ್ರಾಕ್ಷಿ

ವಿಜಯಪುರದಿಂದ ತಿಕೋಟಾಕ್ಕಾಗಲಿ ಬಬಲೇಶ್ವರಕ್ಕಾಗಲಿ ಹೊರಟವರು ದಾರಿಯುದ್ದಕ್ಕೂ ದ್ರಾಕ್ಷಿಯ ತೋಟಗಳನ್ನು ಕಾಣುವರು. ಮಾಗಿ ಕಳೆದು ಬಿಸಿಲೇರುವ ಹೊತ್ತಿಗೆ ಹಣ್ಣು ಶೆಡ್ಡುಗಳ ನೆರಳು ಸೇರಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಒಣದ್ರಾಕ್ಷಿಯಾಗುತ್ತದೆ. ಇದೇ ಕಸುಬಿಗೆ ಹೆಸರಾದ ಇನ್ನೊಂದು ಊರು ಚೀನದ ವಾಯವ್ಯದಲ್ಲಿದೆ. ಅದು ತುರ್ಫಾನ್. ಅಲ್ಲಿಯೂ ಗೊಂಚಲುಗಳನ್ನು ಒಣಗಿಸುವುದು ಬಿಸಿಲಿನಲ್ಲಲ್ಲ. ಕಿಂಡಿಗಳುಳ್ಳ ಮಣ್ಣಿಟ್ಟಿಗೆಯ ಮನೆಗಳೊಳಗೆ ತೂಗಿಬಿಟ್ಟು, ಬಿಸಿಗಾಳಿಯಲ್ಲಿ. ಆದರೆ ತುರ್ಫಾನಿನಲ್ಲಿ ವರ್ಷವಿಡೀ ಬೀಳುವ ಮಳೆ ಸುಮಾರು 16 ಮಿಲಿಮೀಟರ್ ಮಾತ್ರ. ನಮ್ಮ ವಿಜಯಪುರದಲ್ಲಿ ಒಂದು ಸಂಜೆಯ ಮಳೆಯೇ ಅದನ್ನು ಮೀರಿಸೀತು! ಹಾಗಾದರೆ ಬಳ್ಳಿಗೆ ನೀರೆಲ್ಲಿಯದು?

ಊರಿನ ಉತ್ತರಕ್ಕೆ ನಿಂತ ತಿಯಾನ್ ಶಾನ್ ಪರ್ವತದ್ದು. ಈ ಹೆಸರಿಗೆ ಸ್ವರ್ಗದ ಬೆಟ್ಟವೆಂದು ಅರ್ಥ. ನಮ್ಮ ಹಿರಿಯರಾಗಿದ್ದರೆ ದೇವಗಿರಿ ಎನ್ನುತ್ತಿದ್ದರೇನೋ. ಚೀನ, ಕಿರ್ಗಿಸ್ತಾನ, ಕಜಾಕಸ್ತಾನ, ಉಜ್ಬೇಕಿಸ್ತಾನಗಳಲ್ಲಿ ಇದು ಸುಮಾರು 2,500 ಕಿಲೋಮೀಟರ್ ಚಾಚಿದೆ. ಅತ್ಯುನ್ನತ ಶಿಖರದ ಎತ್ತರ 7,439 ಮೀಟರ್. ಪಡುವಣದಿಂದ ಬರುವ ತೇವದ ಗಾಳಿಯನ್ನು ಈ ಶ್ರೇಣಿ ತಡೆದುಬಿಡುವುದರಿಂದ ಅದರ ಉತ್ತರದ ಇಳಿಜಾರಿನಲ್ಲಿ ಕಾಡು, ಹುಲ್ಲುಗಾವಲು, ದಕ್ಷಿಣದಲ್ಲಿ ಮರುಭೂಮಿ. ಸಹ್ಯಾದ್ರಿಯೂ ಮಾಡುವುದು ಇದನ್ನೇ. ಮಹಾಬಳೇಶ್ವರದಲ್ಲಿ ಐದು ಮೀಟರಿಗೂ ಮಿಕ್ಕು ಸುರಿದ ಮೋಡ ನಮ್ಮತ್ತ ಬರುವಾಗ ಬರಿದಾಗಿರುತ್ತದೆ.

ಆದರೆ ತಿಯಾನ್ ಶಾನ್ ತಾನು ತಡೆದುದನ್ನು ಹಿಮವಾಗಿ ಕೂಡಿಡುತ್ತದೆ. ತುರ್ಫಾನಿನ ತಗ್ಗು ಸಮುದ್ರಮಟ್ಟಕ್ಕಿಂತ 154 ಮೀಟರ್ ಕೆಳಗೆ. ಅದರ ಉತ್ತರದ ಬೊಗ್ದ ಶಿಖರ 5,445 ಮೀಟರ್ ಮೇಲೆ. ಬೇಸಿಗೆಯಲ್ಲಿ ಕರಗಿದ ನೀರು ತಪ್ಪಲಿನ ಗರಸಿನಲ್ಲಿ ಇಂಗುತ್ತದೆ. ಜನರು ಸಾಲಾಗಿ ಬಾವಿ ತೋಡಿ, ಅವುಗಳ ತಳವನ್ನು ಇಳಿಜಾರಾದ ಸುರಂಗದಿಂದ ಜೋಡಿಸಿದರು. ನೀರು ಬಿಸಿಲಿಗೆ ಆರದೆ, ಎತ್ತು ಯಂತ್ರಗಳ ಹಂಗಿಲ್ಲದೆ, ತಾನಾಗಿಯೇ ತೋಟಕ್ಕೆ ಹರಿಯಿತು. ಇದಕ್ಕೆ ಕರೇಜ್ ಎಂದು ಹೆಸರು.

ವಿಜಯಪುರದವರಿಗೆ ಈ ವಿದ್ಯೆ ಹೊಸತಲ್ಲ. ತಿಕೋಟಾದ ಹಾದಿಯಲ್ಲಿಯೇ ಇರುವ ತೊರವಿಯಿಂದ ಪಟ್ಟಣಕ್ಕೆ ಆದಿಲ್ ಶಾಹಿಗಳು ನೀರು ತಂದದ್ದು ಇಂತಹುದೇ ಸುರಂಗದಲ್ಲಿ. ಅಲ್ಲಲ್ಲಿ ಗಾಳಿಗೆ, ಹೂಳೆತ್ತಲಿಕ್ಕೆ ಬಾವಿಯಂಥ ಕಂಡಿಗಳು. ಅದು ಇಂದಿಗೂ ಸುರಂಗ ಬಾವಡಿ ಎನಿಸಿಕೊಂಡಿದೆ. ತೊರವಿಯ ಹಿಂದೆ ಹಿಮದ ಬೆಟ್ಟವಿರಲಿಲ್ಲವೆಂಬುದೊಂದೇ ವ್ಯತ್ಯಾಸ. ಮಳೆಗಾಲ ಇಂಗಿಸಿದಷ್ಟೇ ಅದರ ಬಂಡವಾಳ. ಸಹ್ಯಾದ್ರಿ ನಾಲ್ಕು ತಿಂಗಳಲ್ಲಿ ಗಳಿಸಿದುದನ್ನು ಆ ನಾಲ್ಕು ತಿಂಗಳಲ್ಲಿಯೇ ಬಹುಪಾಲು ಹೊಳೆಗೆ ಸುರಿದುಬಿಡುತ್ತದೆ. ಆದುದರಿಂದಲೇ ಆಲಮಟ್ಟಿಯ ಅಣೆಕಟ್ಟು. ಆದುದರಿಂದಲೇ ಕೃಷ್ಣೆಯನ್ನು ಪಂಪುಗಳಿಂದ ಮೇಲೆತ್ತಿ ತರುವ ತುಬಚಿ–ಬಬಲೇಶ್ವರ ಏತ ನೀರಾವರಿ. ತುರ್ಫಾನಿಗೆ ಇಳಿದು ಬರುವ ನೀರು ಬಬಲೇಶ್ವರಕ್ಕೆ ಏರಿ ಬರಬೇಕು. ಬರದ ವರ್ಷ ಟ್ಯಾಂಕರಿನ ನೀರು ಕೊಂಡು ಬಳ್ಳಿ ಉಳಿಸಿಕೊಂಡ ರೈತನಿಗೆ ಈ ಏರಿಳಿತದ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಸ್ವರ್ಗದ ಬೆಟ್ಟದ ಭಂಡಾರವೂ ಈಗ ಕರಗುತ್ತಿದೆ. 1961ರಿಂದ 2012ರೊಳಗೆ ತಿಯಾನ್ ಶಾನಿನ ಹಿಮನದಿಗಳ ರಾಶಿಯಲ್ಲಿ ಕಾಲುಭಾಗಕ್ಕೂ ಹೆಚ್ಚು ಹೋಯಿತೆಂದು ವಿಜ್ಞಾನಿಗಳ ಅಂದಾಜು. ಕರಗುವ ಕಾಲದಲ್ಲಿ ಹೊಳೆಗಳು ತುಂಬಿಯೇ ಹರಿಯುವುದರಿಂದ ನಷ್ಟ ಕೂಡಲೇ ಕಣ್ಣಿಗೆ ಬೀಳುವುದಿಲ್ಲ. ಇತ್ತ ಕೊಳವೆಬಾವಿಗಳು ಆಳಕ್ಕೆ ಇಳಿದಂತೆ ತುರ್ಫಾನಿನ ಅನೇಕ ಕರೇಜುಗಳು ಬತ್ತಿಹೋದವು. ತೊರವಿಯ ಸುರಂಗವಂತೂ ಪಟ್ಟಣಕ್ಕೆ ನೀರು ಕೊಡುವುದನ್ನು ನಿಲ್ಲಿಸಿ ಬಹುಕಾಲವಾಯಿತು.