ಸುಂಕದ ಗೋಡೆ ಯಾರ ಮನೆಗೆ ನೆರಳು?

2025ರ ಆಗಸ್ಟ್‌ನಲ್ಲಿ ಅಮೆರಿಕವು ಭಾರತದ ಬಹಳಷ್ಟು ಸರಕುಗಳ ಮೇಲೆ ಶೇ. 50ರಷ್ಟು ಸುಂಕ ಹೇರಿದಾಗ ನಮ್ಮ ಪತ್ರಿಕೆಗಳೂ ಟಿವಿ ವಾಹಿನಿಗಳೂ ಒಮ್ಮೆಲೇ ಅರ್ಥಶಾಸ್ತ್ರದ ಪಾಠಶಾಲೆಗಳಾದವು. ಆಮದು ಸುಂಕ ದೇಶದ ಉದ್ಯಮಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ವಾರಗಟ್ಟಲೆ ನಡೆಯಿತು. ಅಮೆರಿಕ ಹಾಕಿದರೆ ಅದು ದಬ್ಬಾಳಿಕೆ, ನಾವು ಹಾಕಿದರೆ ಅದು ಸ್ವದೇಶಿ ಎಂದವರು ಒಂದು ಕಡೆ. ಸುಂಕ ಎಲ್ಲಿದ್ದರೂ ಪಾಪ, ಮಾರುಕಟ್ಟೆಯೇ ಮೋಕ್ಷ ಎಂದವರು ಇನ್ನೊಂದು ಕಡೆ. ಈ ಗದ್ದಲದಲ್ಲಿ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ. ಸುಂಕದ ಏರಿಳಿತದ ಮೇಲೆಯೇ ಒಲೆ ಉರಿಯುವ, ಆರುವ ಊರುಗಳು ಬೆಂಗಳೂರಿನಿಂದ ಒಂದೆರಡು ತಾಸಿನ ದಾರಿಯಲ್ಲೇ ಇವೆ. ರಾಮನಗರ, ಶಿಡ್ಲಘಟ್ಟ, ವಿಜಯಪುರ, ಚನ್ನಪಟ್ಟಣಗಳ ಜನರಿಗೆ ಈ ಚರ್ಚೆ ಹೊಸದೇನಲ್ಲ.

ರೇಷ್ಮೆಯ ಮಾತು ಹೇಳುತ್ತಿದ್ದೇನೆ. ಒಂದು ರೇಷ್ಮೆ ಸೀರೆಯ ಹಿಂದೆ ಎಷ್ಟು ಕೈಗಳಿವೆ ನೋಡಿ. ಹಿಪ್ಪುನೇರಳೆ ಬೆಳೆದು, ಹುಳು ಸಾಕಿ, ಚಂದ್ರಿಕೆಯಿಂದ ಗೂಡು ಬಿಡಿಸುವವರು ಹಳ್ಳಿಯ ರೈತರು. ಒಕ್ಕಲಿಗರು, ದಲಿತರು, ಹಿಂದುಳಿದವರು. ಮಾರುಕಟ್ಟೆಯ ಹರಾಜಿನಲ್ಲಿ ಆ ಗೂಡು ಕೊಂಡು, ಕುದಿಯುವ ನೀರಿನಲ್ಲಿ ಬೇಯಿಸಿ, ನೂಲು ಬಿಚ್ಚುವ ರೀಲರುಗಳು ಮತ್ತು ಕೂಲಿಗಳು ಬಹುಪಾಲು ಮುಸ್ಲಿಮರು. ಹುರಿ ಹಾಕುವವರು ಬೇರೆ, ಬಣ್ಣ ಹಾಕುವವರು ಬೇರೆ, ನೇಯುವವರು ಬೇರೆ. ಗಂಡಸರು ರೇಷ್ಮೆ ಉಡಬಾರದು ಎನ್ನುವ ಧರ್ಮದ ಜನ ಬಿಚ್ಚಿದ ನೂಲಿನಿಂದಲೇ ಹಿಂದೂ ಮನೆಯ ಧಾರೆ ಸೀರೆ ಆಗುತ್ತದೆ. ಬಂಗಾಳದಿಂದ ರೇಷ್ಮೆ ಹುಳು ತರಿಸಿ ಮೈಸೂರು ಸೀಮೆಯಲ್ಲಿ ಈ ಕಸುಬಿಗೆ ಬೇರು ಬಿಡಿಸಿದವನು ಟಿಪ್ಪು ಸುಲ್ತಾನ. ಅವನ ಜಯಂತಿಯ ಹೆಸರಿನಲ್ಲಿ ಜಗಳವಾಡುವ ಎರಡೂ ಪಕ್ಷದವರು ಅವನು ಬಿಟ್ಟುಹೋದ ಈ ಕಸುಬಿನ ಗತಿ ಏನಾಯಿತೆಂದು ಕೇಳಿದ್ದು ನಾನು ಕಾಣೆ.

ಇಲ್ಲಿನ ಇತಿಹಾಸವೇ ಸುಂಕದ ಇತಿಹಾಸ. ಅಗ್ಗದ ವಿದೇಶಿ ರೇಷ್ಮೆಯ ಹೊಡೆತಕ್ಕೆ ಸಿಕ್ಕಿದ ಈ ಕಸುಬಿಗೆ ರಕ್ಷಣೆ ಬೇಕೇ ಎಂದು 1930ರ ದಶಕದಲ್ಲೇ ಬ್ರಿಟಿಷ್ ಸರಕಾರದ ಟ್ಯಾರಿಫ್ ಬೋರ್ಡ್ ವಿಚಾರಣೆ ನಡೆಸಿತ್ತು. ಸ್ವಾತಂತ್ರ್ಯದ ಮೇಲೆ ದಶಕಗಳ ಕಾಲ ಆಮದಿಗೆ ಕಟ್ಟುಪಾಡು ಇತ್ತು. 2001ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಕರಾರಿನಂತೆ ಪರಿಮಾಣದ ನಿರ್ಬಂಧ ತೆಗೆದದ್ದೇ ತಡ, ಚೀನಾದ ಕಚ್ಚಾ ರೇಷ್ಮೆ ನುಗ್ಗಿತು. ಒಂದೆರಡು ವರ್ಷಗಳಲ್ಲೇ ಆಮದು ವರ್ಷಕ್ಕೆ ಸುಮಾರು 9 ಸಾವಿರ ಟನ್ನಿಗೆ ಮುಟ್ಟಿತು. 2003ರಲ್ಲಿ ಚೀನಾದ ನೂಲಿನ ಮೇಲೆ ಆಂಟಿ ಡಂಪಿಂಗ್ ಸುಂಕ ಬಂತು. 2011ರ ಬಜೆಟ್ಟಿನಲ್ಲಿ ಕೇಂದ್ರ ಸರಕಾರ ಮೂಲ ಸುಂಕವನ್ನು ಶೇ. 30ರಿಂದ ಒಂದೇ ಏಟಿಗೆ ಶೇ. 5ಕ್ಕೆ ಇಳಿಸಿತು. ಗೂಡಿನ ಧಾರಣೆ ಕುಸಿಯಿತು, ರೈತರು ಬೀದಿಗಿಳಿದರು. 2013ರಲ್ಲಿ ಅದೇ ಸರಕಾರ ಸುಂಕವನ್ನು ಶೇ. 15ಕ್ಕೆ ಏರಿಸಿತು. ಆಮೇಲೆ ಅದು ಶೇ. 10ಕ್ಕೆ ಇಳಿಯಿತು. 2021ರಲ್ಲಿ ಮತ್ತೆ 15 ಆಯಿತು. ಹಿಪ್ಪುನೇರಳೆ ಕಡ್ಡಿ ನೆಟ್ಟವನು ಹಲವು ವರ್ಷದ ಫಸಲು ನಂಬಿ ನೆಡುತ್ತಾನೆ. ಸಾಲ ಮಾಡಿ ಯಂತ್ರ ಕೂರಿಸಿದ ರೀಲರ್ ಐದಾರು ವರ್ಷದ ಲೆಕ್ಕ ಹಾಕಿರುತ್ತಾನೆ. ದಿಲ್ಲಿಯ ಲೆಕ್ಕವೋ ಒಂದು ಬಜೆಟ್ಟಿನಿಂದ ಇನ್ನೊಂದು ಬಜೆಟ್ಟಿಗೆ!

ಮುಕ್ತ ವ್ಯಾಪಾರದ ವಕೀಲರು ಗ್ರಾಹಕನ ಹೆಸರು ಹೇಳುತ್ತಾರೆ. ಸುಂಕ ಇಳಿದರೆ ಅಗ್ಗದ ಮಾಲು ಬರುತ್ತದೆ, ಕೊಳ್ಳುವವನಿಗೆ ಲಾಭ ಎನ್ನುತ್ತಾರೆ. ಪುಸ್ತಕದ ಮಟ್ಟಿಗೆ ಇದು ಸರಿ. ಆದರೆ 2011ರಲ್ಲಿ ರಾಮನಗರದಲ್ಲಿ ಗೂಡಿನ ಬೆಲೆ ಬಿದ್ದಾಗ ಬೆಂಗಳೂರಿನ ಸೀರೆ ಅಂಗಡಿಯ ಗಾಜಿನೊಳಗಿನ ಬೆಲೆ ಚೀಟಿ ಬಿದ್ದದ್ದನ್ನು ಯಾರಾದರೂ ಕಂಡಿದ್ದರೆ ದಯವಿಟ್ಟು ಮುಂದೆ ಬಂದು ಹೇಳಲಿ. ರೈತ ಕಳೆದುಕೊಂಡದ್ದು ಮದುಮಗಳ ತಂದೆಯ ಜೇಬಿಗೆ ಸೇರಬೇಕಿದ್ದರೆ ದಾರಿಯಲ್ಲಿ ಆಮದುದಾರ, ನೂಲಿನ ವ್ಯಾಪಾರಿ, ದೊಡ್ಡ ಅಂಗಡಿಯ ಮಾಲೀಕ ಇವರೆಲ್ಲ ಕೈ ಕಟ್ಟಿ ನಿಂತಿರಬೇಕು. ಅವರು ನಿಲ್ಲುವುದಿಲ್ಲ. ಅಷ್ಟಕ್ಕೂ ಈ ಮುಕ್ತ ವ್ಯಾಪಾರದ ಪಾಠವನ್ನು ಜಗತ್ತಿಗೆ ಹೇಳಿಕೊಟ್ಟ ಬ್ರಿಟನ್, 1700 ಮತ್ತು 1721ರ ಕಾನೂನುಗಳಿಂದ ಭಾರತದ ಚೀಟಿ ಬಟ್ಟೆಯನ್ನು ತನ್ನ ನೆಲದಲ್ಲಿ ತಡೆದೇ ತನ್ನ ಗಿರಣಿಗಳಿಗೆ ಜಾಗ ಮಾಡಿಕೊಂಡದ್ದು. ತಾನು ಹತ್ತಿದ ಏಣಿಯನ್ನು ಒದ್ದು, ಮಿಕ್ಕವರಿಗೆ ಹಾರಿ ಬನ್ನಿ ಎನ್ನುವುದು ಯಾವ ಊರಿನ ನ್ಯಾಯ?

ಹಾಗೆಂದು ಸುಂಕ ಏರಿಸಿದ ಕೂಡಲೇ ಪಟಾಕಿ ಹೊಡೆಯುವವರ ಜೊತೆಗೂ ನನಗೆ ನಿಲ್ಲಲಾಗುವುದಿಲ್ಲ. ಕಾರಣ ಬನಾರಸ್‌ನಲ್ಲಿದೆ. ಅಲ್ಲಿನ ಅನ್ಸಾರಿ ನೇಕಾರನ ಮಗ್ಗಕ್ಕೆ ಬೇಕಾದದ್ದು ಒಂದೇ ಸಮನಾದ, ತುಂಡಾಗದ ಹಾಸು ನೂಲು. ನಮ್ಮ ಮಿಶ್ರತಳಿ ಗೂಡಿನ, ಚರಕದಲ್ಲಿ ಬಿಚ್ಚಿದ ನೂಲು ಹೊಕ್ಕಿಗೆ ಆದೀತು. ವೇಗದ ಮಗ್ಗದ ಹಾಸಿಗೆ ಹಾಕಿದರೆ ಕಡಿಯುತ್ತದೆ. ಚೀನಾದ ದ್ವಿತಳಿ ನೂಲು ತಡೆದುಕೊಳ್ಳುತ್ತದೆ. ಆದ್ದರಿಂದ ಅವನು ಚೀನಾ ನೂಲು ಕೊಳ್ಳುತ್ತಾನೆ. ಅದರಲ್ಲಿ ದೇಶದ್ರೋಹವೂ ಇಲ್ಲ, ಶೋಕಿಯೂ ಇಲ್ಲ. ಸುಂಕ ಏರಿದಾಗ ನೂಲಿನ ಬೆಲೆ ಏರುತ್ತದೆ, ಅವನ ಮಜೂರಿ ಮಾತ್ರ ಏರುವುದಿಲ್ಲ. ಇನ್ನೂ ದೊಡ್ಡ ಅನ್ಯಾಯವೆಂದರೆ ನೂಲನ್ನು ತಡೆದಾಗ ನೇಯ್ದ ಬಟ್ಟೆಯೇ ಚೀನಾದಿಂದ ಬಂದು ಬೀಳುವುದು. ಇದಕ್ಕಾಗಿಯೇ 2006ರಲ್ಲಿ ಚೀನಾದ ರೇಷ್ಮೆ ಬಟ್ಟೆಗೂ ಆಂಟಿ ಡಂಪಿಂಗ್ ಸುಂಕ ಹಾಕಬೇಕಾಯಿತು. ಶಿಡ್ಲಘಟ್ಟದ ರೀಲರನನ್ನು ಉಳಿಸಲು ಕಟ್ಟಿದ ಗೋಡೆ ಬನಾರಸ್‌ನ ನೇಕಾರನ ಮೇಲೆ ಬಿದ್ದರೆ ಅದನ್ನು ದೇಶಪ್ರೇಮ ಎನ್ನಬೇಕೇ? ಇಬ್ಬರೂ ಬಡವರು, ಇಬ್ಬರೂ ಸಾಲಗಾರರು. ಒಬ್ಬನ ತಟ್ಟೆಯಿಂದ ತೆಗೆದು ಇನ್ನೊಬ್ಬನಿಗೆ ಬಡಿಸಿ ಊಟ ಹಾಕಿದೆ ಎನ್ನುವ ಸರಕಾರದ ಉದಾರತನ ನಮಗೆ ಬೇಡ.

ಗೋಡೆಯ ಒಳಗೆ ಏನು ನಡೆಯಿತು ಎಂಬುದನ್ನೂ ಕೇಳಬೇಕು. ಈ ಪ್ರಶ್ನೆ ನಮ್ಮವರಿಗೆ ಕಹಿ ಎನಿಸಬಹುದು. ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ಹೊರತಂದ ವರದಿ ಕರ್ನಾಟಕ, ತಮಿಳುನಾಡು, ಉತ್ತರ ಪ್ರದೇಶಗಳ ರೇಷ್ಮೆ ಉದ್ಯಮದಲ್ಲಿ ಮುಂಗಡದ ಸಾಲಕ್ಕೆ ಜೀತಕ್ಕಿದ್ದ ಮಕ್ಕಳ ಬದುಕನ್ನು ಬಯಲಿಗಿಟ್ಟಿತು. ಕುದಿವ ನೀರಿಗೆ ಕೈ ಹಾಕಿ ಬೆರಳು ಬೆಂದ, ಹಬೆ ಕುಡಿದು ಉಸಿರು ಕಟ್ಟಿದ ಆ ಮಕ್ಕಳಲ್ಲಿ ದಲಿತರೂ ಮುಸ್ಲಿಮರೂ ಇದ್ದರು. ಬೆವರು ಆರುವ ಮುನ್ನ ಕೂಲಿ ಕೊಡಿ ಎಂದ ಪ್ರವಾದಿಯ ಮಾತನ್ನು ಶುಕ್ರವಾರ ಕೇಳಿ ಶನಿವಾರ ಮರೆತ ಮಾಲೀಕರು ನಮ್ಮಲ್ಲೂ ಇದ್ದರು. ಶೇ. 30ರ ಸುಂಕ ಇದ್ದ ಕಾಲದಲ್ಲಿ ಆ ರಕ್ಷಣೆಯ ಎಷ್ಟು ಪೈಸೆ ಬೇಸಿನ್ ಮುಂದೆ ನಿಂತ ಹೆಂಗಸಿನ ಕೈಗೆ ಬಂತು? ಉದ್ಯಮ ಉಳಿಸಿ ಎಂದು ಕೂಗುವಾಗ ಉದ್ಯಮ ಎಂದರೆ ಮಾಲೀಕ ಮಾತ್ರ ಎಂದಾದರೆ ಆ ಕೂಗಿಗೆ ಬಲ ಇರುವುದಿಲ್ಲ.

ರೀಲರನ ಸಂಕಟವನ್ನೂ ಹೇಳಬೇಕು. ಗೂಡು ಕೊಳ್ಳುವಾಗ ಅವನು ಹಣ ಎಣಿಸಬೇಕು, ನೂಲು ಮಾರುವಾಗ ಸಾಲಕ್ಕೆ ಕೊಡಬೇಕು. ಈ ನಡುವಿನ ದಿನಗಳ ಬಡ್ಡಿಯಲ್ಲೇ ಅವನು ಮುಳುಗುವುದು. ಅವನಿಗೆ ಬ್ಯಾಂಕಿನ ಬಾಗಿಲು ಸುಲಭವಾಗಿ ತೆರೆದಿದ್ದರೆ ಅರ್ಧ ಸುಂಕದ ಕೆಲಸ ಆಗುತ್ತಿತ್ತು. ಇನ್ನೊಂದು ವಿಪರ್ಯಾಸ ನೋಡಿ. ಒಳ್ಳೆಯ ನೂಲು ಬಿಚ್ಚುವ ಸ್ವಯಂಚಾಲಿತ ಯಂತ್ರಗಳನ್ನು ನಾವು ತರಿಸಿಕೊಂಡದ್ದು ಅದೇ ಚೀನಾದಿಂದ, ಸರಕಾರದ ಸಹಾಯಧನದಿಂದ. ಚೀನಾದ ಎದುರು ನಿಲ್ಲಲು ಚೀನಾದ ಯಂತ್ರವೇ ಬೇಕು ಎಂದರೆ, ಇಷ್ಟು ವರ್ಷ ಗೋಡೆಯ ನೆರಳಿನಲ್ಲಿ ಕುಳಿತ ನಾವು ಕಲಿತದ್ದೇನು? ಕಲಿತಲ್ಲಿ ಫಲವೂ ಬಂದಿದೆ. ದ್ವಿತಳಿ ಬೆಳೆ ಹೆಚ್ಚಿದಂತೆ ಆಮದು ಇಳಿಯಿತು, ದೇಶದ ಉತ್ಪಾದನೆ 2022-23ರಲ್ಲಿ ಸುಮಾರು 36 ಸಾವಿರ ಟನ್ನಿಗೆ ಏರಿತು, ಅದರಲ್ಲಿ ಮೂರನೇ ಒಂದು ಪಾಲು ಕರ್ನಾಟಕದ್ದು. ಇದು ಬರೀ ಸುಂಕದಿಂದ ಆದದ್ದಲ್ಲ. ತಳಿಯಿಂದ, ತರಬೇತಿಯಿಂದ, ರೈತನ ದುಡಿಮೆಯಿಂದ ಆದದ್ದು.

ಆದ್ದರಿಂದ ನಾವು ಕೇಳಬೇಕಾದದ್ದು ಸ್ಪಷ್ಟ. ಸುಂಕ ಇರಲಿ, ಆದರೆ ಅದರ ಪ್ರಮಾಣವನ್ನು ಐದು ವರ್ಷಕ್ಕೆ ಮೊದಲೇ ಸಾರಲಿ. ಇಳಿಸುವುದಿದ್ದರೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಲಿ. ನೂಲಿನ ಸುಂಕಕ್ಕಿಂತ ಬಟ್ಟೆಯ ಸುಂಕ ಎಂದೂ ಕಡಿಮೆ ಇರದಿರಲಿ. ಬಂದ ಸುಂಕದ ಹಣ ಬೊಕ್ಕಸದಲ್ಲಿ ಕರಗದೆ ರೀಲರನ ದುಡಿಯುವ ಬಂಡವಾಳಕ್ಕೆ, ನೇಕಾರನ ನೂಲಿನ ರಿಯಾಯಿತಿಗೆ ಹೋಗಲಿ. ಮಕ್ಕಳನ್ನು ದುಡಿಸುವ, ಕನಿಷ್ಠ ಕೂಲಿ ಕೊಡದ ಘಟಕಕ್ಕೆ ಸಹಾಯಧನ ನಿಲ್ಲಲಿ, ಮಾಲೀಕ ಯಾವ ಜಾತಿಯವನೇ ಆಗಿರಲಿ.

ಕೊನೆಗೊಂದು ಮಾತು. 2022ರಲ್ಲಿ ಕರ್ನಾಟಕದಲ್ಲಿ ಮುಸ್ಲಿಂ ವ್ಯಾಪಾರಿಗಳನ್ನು ಜಾತ್ರೆಯಿಂದ ಹೊರಗಿಡಿ, ಅವರಿಗೆ ಮಾವು ಮಾರಬೇಡಿ ಎಂಬ ಕರೆಗಳು ಕೇಳಿಬಂದವು. ಅದೂ ಒಂದು ಸುಂಕದ ಗೋಡೆಯೇ, ಊರ ನಡುವೆ ಎಬ್ಬಿಸಿದ್ದು. ಗೂಡಿನ ಹರಾಜುಕಟ್ಟೆಯಲ್ಲಿ ರೀಲರ್ ಬಾರದಿದ್ದರೆ ಮೊದಲು ನಷ್ಟವಾಗುವುದು ಬುಟ್ಟಿ ಹಿಡಿದು ನಿಂತ ರೈತನಿಗೆ. ಚೀನಾದ ಎದುರು ಸ್ವದೇಶಿ ಎಂದು ಕೂಗುತ್ತಾ, ಸ್ವದೇಶದ ನೂಲು ಬಿಚ್ಚುವವನನ್ನೇ ಪರದೇಶಿ ಮಾಡುವವರು ಯಾವ ಉದ್ಯಮವನ್ನು ಉಳಿಸಲು ಹೊರಟಿದ್ದಾರೆಂದು ಮೊದಲು ಹೇಳಲಿ. ಸುಂಕದ ಮಾತು ಆಮೇಲೆ ಆಡೋಣ.