ಹನ್ನೊಂದು ಮಂದಿಗೆ ಒಂದೇ ಕ್ಯಾಮೆರಾ

ಕಳೆದ ತಿಂಗಳ ಒಂದು ಭಾನುವಾರ ಪೂಜೆ ಮುಗಿಸಿ ನಾವು ಹನ್ನೊಂದು ಮಂದಿ ಫೋಟೊ ತೆಗೆಯುತ್ತ ನಡೆಯೋಣ ಎಂದು ಬೇಕಲ ಕೋಟೆಗೆ ಹೊರಟೆವು. ಮೊಬೈಲುಗಳೆಲ್ಲ ಒಂದು ಚೀಲದೊಳಗೆ. ಕೈಯಲ್ಲಿದ್ದದ್ದು ಒಂದೇ ಪುಟ್ಟ ಕ್ಯಾಮೆರಾ, ನಮ್ಮಲ್ಲೊಬ್ಬನ ಮಾವ ಗಲ್ಫಿನಿಂದ ತಂದದ್ದು. ಸೋನಿ ಆರ್‌ಎಕ್ಸ್ 100, 2012ರ ಮೊದಲ ಮಾದರಿ. ಬ್ಯಾಟರಿ ಸೇರಿ 240 ಗ್ರಾಂ ತೂಕ. ಒಬ್ಬೊಬ್ಬರಿಗೆ ಹತ್ತೇ ಫೋಟೊ ಎಂದು ಮಾತಾಯಿತು.

ಮೊದಲು ಅದರ ತಕರಾರು ಹೇಳಿಬಿಡುತ್ತೇವೆ. ಕಣ್ಣಿಟ್ಟು ನೋಡುವ ಕಿಂಡಿ ಇಲ್ಲ, ಹಿಂದಿನ ಪರದೆ ಮಧ್ಯಾಹ್ನದ ಬಿಸಿಲಿಗೆ ಕನ್ನಡಿಯಂತಾಗುತ್ತದೆ. ಝೂಮ್ ಎಳೆದರೆ ಲೆನ್ಸ್‌ನ ಬಾಯಿ ಎಫ್ 1.8ರಿಂದ 4.9ಕ್ಕೆ ಕಿರಿದಾಗುತ್ತದೆ, ಸಂಜೆ ಹಾಗೆ ತೆಗೆದದ್ದೆಲ್ಲ ಅಲುಗಿದವು. ಮುರಕಲ್ಲಿನ ಗೋಡೆಯ ಬಣ್ಣ ಸರಿ ಬಂದರೆ ಆಕಾಶ ಬಿಳುಚುತ್ತಿತ್ತು, ಬೆಳಕು ಒಂದು ಮೆಟ್ಟಿಲು ಇಳಿಸಬೇಕೆಂದು ತಿಳಿಯುವಷ್ಟರಲ್ಲಿ ಇಬ್ಬರ ಪಾಲು ಮುಗಿದಿತ್ತು. ಕೆಳದಿಯ ಶಿವಪ್ಪ ನಾಯಕನ ಕೋಟೆಗೆ ಹೋಗಿ ಎಲ್ಲರೂ 1995ರ 'ಬಾಂಬೆ' ಸಿನಿಮಾದ ಹಾಡಿನ ಜಾಗದಲ್ಲೇ ನಿಲ್ಲುತ್ತಾರೆ. ನಾವೂ ನಿಂತೆವು, ಸುಳ್ಳು ಯಾಕೆ!

ಆದರೆ ಈ ಬರಹ ಅದಕ್ಕಲ್ಲ. ಕೋಟೆಯಿಂದ ಕಡಲಿಗೆ ಇಳಿದಾಗ ಒಬ್ಬರು ಅಜ್ಜ ಬಲೆ ಹೆಣೆಯುತ್ತಿದ್ದರು. ನಮ್ಮವನೊಬ್ಬ ಕೇಳದೆಯೇ ಕ್ಯಾಮೆರಾ ಎತ್ತಿದ. ಅಜ್ಜ ಮುಖಕ್ಕೆ ಕೈ ಅಡ್ಡ ಹಿಡಿದು ಮಲಯಾಳದಲ್ಲಿ ಕೇಳಿದರು, "ಇದು ಎಲ್ಲಿಗೆ ಹೋಗ್ತದೆ ಮಕ್ಕಳೇ?"

ಎಲ್ಲಿಗೂ ಹೋಗುವುದಿಲ್ಲ ಅಜ್ಜ, ಎಂದೆವು. ಅದು ನಿಜವೂ ಆಗಿತ್ತು. ಈ ಹಳೆ ಮಾದರಿಗೆ ವೈಫೈ ಇಲ್ಲ, ಚಿತ್ರ ಕಾರ್ಡಿನಲ್ಲೇ ಇರುತ್ತದೆ. ತೆಗೆದ ಫೋಟೊವನ್ನು ಅವರಿಗೇ ತೋರಿಸಿದೆವು. "ಬಾಯಿ ತೆರೆದಿದೆ, ತೆಗೀರಿ" ಎಂದರು. ಅಳಿಸಿದೆವು. ಎರಡನೆಯದಕ್ಕೆ ತಲೆಯ ಮುಂಡಾಸು ಸರಿಮಾಡಿಕೊಂಡು ಅವರೇ ಕೂತರು.

ಮೊಬೈಲಿದ್ದಿದ್ದರೆ ಆ ತೆರೆದ ಬಾಯಿ ಐದು ನಿಮಿಷದಲ್ಲಿ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿರುತ್ತಿತ್ತು. ನಮಗೆ ಗೊತ್ತು, ಯಾಕೆಂದರೆ ಕಳೆದ ವರ್ಷ ಚರ್ಚಿನ ಹಬ್ಬದಲ್ಲಿ ನಾವೇ ಹಾಗೆ ಮಾಡಿದ್ದೇವೆ. ನಮ್ಮ ಘಟಕದ ತಂಗಿಯೊಬ್ಬಳು ಊಟ ಮಾಡುವಾಗ ತೆಗೆದ ಫೋಟೊ ತಮಾಷೆಗೆಂದು ಹೋಯಿತು. ನಗುವ ಗೊಂಬೆ ಒತ್ತಿದವರಲ್ಲಿ ನಾವೂ ಇದ್ದೆವು. ಆಮೇಲೆ ಎರಡು ತಿಂಗಳು ಅವಳು ಸಭೆಗೆ ಬರಲಿಲ್ಲ. ಅಳಿಸಿದೆವು, ನಿಜ, ಆದರೆ ಅಷ್ಟರಲ್ಲಿ ಅದು ಎಷ್ಟು ಫೋನುಗಳಲ್ಲಿತ್ತೋ.

ಆದ್ದರಿಂದ ಈ ಸಲದ ಹಬ್ಬಕ್ಕೆ ನಮ್ಮದೊಂದು ಕೋರಿಕೆ. ಇಬ್ಬರು ಮಾತ್ರ ಫೋಟೊ ತೆಗೆಯಲಿ, ಇಂಥ ಕ್ಯಾಮೆರಾದಲ್ಲಿ. ಮಂಗಳವಾರ ಕೂತು ಎಲ್ಲ ನೋಡೋಣ. ಯಾರಿಗೆ ತಮ್ಮದು ಬೇಡವೋ ಅದನ್ನು ತೆಗೆದು ಉಳಿದದ್ದನ್ನು ಹಂಚೋಣ. ದುಬೈಯಲ್ಲಿರುವ ಮಕ್ಕಳಿಗೆ ಮೆರವಣಿಗೆ ಆಗಲೇ ನೋಡಬೇಕು ಎಂದು ಅಮ್ಮಂದಿರು ಹೇಳುತ್ತಾರೆ. ಅದು ನ್ಯಾಯವೇ. ಮೆರವಣಿಗೆಗೆ ಮೊಬೈಲ್ ಇರಲಿ, ಊಟದ ಚಪ್ಪರಕ್ಕೆ ಬೇಡ.

ಅಜ್ಜನ ಫೋಟೊ ಪ್ರಿಂಟ್ ಹಾಕಿಸಿ ಮುಂದಿನ ಭಾನುವಾರ ಒಯ್ದೆವು. ಅವರು ಸಿಗಲಿಲ್ಲ, ಸೊಸೆ ತೆಗೆದುಕೊಂಡರು. ಮಕ್ಕಳದ್ದೂ ಒಂದು ತೆಗೆದುಕೊಡುತ್ತೀರಾ ಎಂದು ಕೇಳಿದ್ದಾರೆ. ಕ್ಯಾಮೆರಾವನ್ನು ಮಾವನಿಗೆ ಹಿಂದಿರುಗಿಸುವ ಮುಂಚೆ ಇನ್ನೊಮ್ಮೆ ಹೋಗಬೇಕು.