ಇಮ್ಮಡಿ ವೇಗದ ಬೆಲೆ ಯಾರು ತೆರಬೇಕು?



ಒಂದೇ ಕಂಪ್ಯೂಟರಿಗೆ ಎರಡು ಗ್ರಾಫಿಕ್ಸ್ ಕಾರ್ಡು ಜೋಡಿಸಿದರೆ ವೇಗ ಇಮ್ಮಡಿಯಾಗುತ್ತದೆಂಬ ನಂಬಿಕೆ ನಮ್ಮ ವಿದ್ಯಾರ್ಥಿಗಳಲ್ಲೂ ಇದೆ. ಎನ್ವಿಡಿಯಾ ಕಂಪನಿ 2004ರಲ್ಲಿ ಎಸ್‌ಎಲ್‌ಐ ಎಂಬ ಹೆಸರಿನಲ್ಲಿ ಮಾರಿದ್ದು ಇದೇ ಆಸೆಯನ್ನು. ಬಹುತೇಕ ಆಟಗಳಲ್ಲಿ ವೇಗ ಇಮ್ಮಡಿಯಾಗಲೇ ಇಲ್ಲ. 2022ರ ಆರ್‌ಟಿಎಕ್ಸ್ 4090 ಕಾರ್ಡಿನಲ್ಲಿ ಕಂಪನಿ ಆ ಜೋಡಣೆಯ ಕೊಂಡಿಯನ್ನೇ ಕೈಬಿಟ್ಟಿತು.

ಖಚಿತವಾಗಿ ಇಮ್ಮಡಿಯಾಗುವುದು ವಿದ್ಯುತ್ತಿನ ಹಸಿವು. ತಲಾ 350 ವ್ಯಾಟಿನ ಎರಡು 3090 ಕಾರ್ಡುಗಳು ಪೂರ್ಣ ಹೊರೆಯಲ್ಲಿ ದಿನಕ್ಕೆ 10 ಗಂಟೆ ದುಡಿದರೆ ತಿಂಗಳಿಗೆ 210 ಯೂನಿಟ್! ಒಂದು ಮನೆಗೆ ಗೃಹಜ್ಯೋತಿ ಹಾಕಿದ ಗರಿಷ್ಠ ಮಿತಿಯೇ 200.

ಇದಕ್ಕೂ ನಮ್ಮ ಬೆಟ್ಟಗಳಿಗೂ ಏನು ಸಂಬಂಧ? ‘ರಾಜ್ಯಕ್ಕೆ ವಿದ್ಯುತ್ ಬೇಕು’ ಎಂಬ ವಾದದ ಬೆನ್ನೇರಿಯೇ 200 ಮೆಗಾವ್ಯಾಟಿನ ಗುಂಡ್ಯ ಯೋಜನೆ ಸಕಲೇಶಪುರದ ಕಾಡಿಗೆ ಬಂದದ್ದು. ಅದಕ್ಕೆ ಅನುಮತಿ ಕೂಡದೆಂದು ಗಾಡ್ಗೀಳ್ ಸಮಿತಿ 2011ರಲ್ಲಿ ಹೇಳಿತು. ನೆಲೆ ಕಳೆದುಕೊಂಡ ಆನೆಗಳು ಈಗಾಗಲೇ ಆಲೂರಿನ ಗದ್ದೆ, ತೋಟಗಳಿಗೆ ಇಳಿಯುತ್ತಿವೆ. ಇನ್ನೊಂದು ಕಣಿವೆಯನ್ನು ಮುಳುಗಿಸಲು ನಾವೇ ನೆಪ ಒದಗಿಸಬೇಕೇ?

ಕೃತಕ ಬುದ್ಧಿಮತ್ತೆಯ ಅಧ್ಯಯನಕ್ಕೆ ಹಲವು ಕಾರ್ಡುಗಳು ನಿಜಕ್ಕೂ ನೆರವಾಗುತ್ತವೆ. ಅಂತಹ ಯಂತ್ರ ಕಾಲೇಜಿಗೊಂದು ಇರಲಿ, ಎಲ್ಲರೂ ಸರದಿಯಲ್ಲಿ ಬಳಸಲಿ. ಮನೆಯ ಆಟಕ್ಕೆ ಒಂದು ಕಾರ್ಡು ಸಾಕು. ನಗರದ ದುಂದನ್ನು ಪ್ರಶ್ನಿಸುವ ನಾವು ಮೊದಲು ನಮ್ಮ ಮನೆಯ ಮೀಟರನ್ನು ನೋಡಿಕೊಳ್ಳೋಣ.